ಮುಖಗವಸಿನ ಅಂಚು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳು ಹಾಗೂ ಹೆತ್ತವರನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಆರೋಗ್ಯದ ಬಗ್ಗೆ ಏನಾದರೂ ಮಾತನಾಡಬೇಕೆಂದು ಕಾರ್ಯದರ್ಶಿಗಳು ಫೋನ್ ಮಾಡಿ ಕೇಳಿದಾಗ, ಮುಖಗವಸಿನ ಬಗ್ಗೆ ಮಾತನಾಡುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಅದೆಲ್ಲ ಮುಗಿಯಿತಲ್ಲ ಸಾಹೇಬರೇ" ಎಂದರು. ಅವರ ಮಾತು ಸುಳ್ಳಲ್ಲ. ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಿನಲ್ಲೇ ಸಾರಿದೆ. ಆ ದಿನಗಳನ್ನು ನೆನಪಿಸಿಕೊಳ್ಳುವ ಆಸೆ ಯಾರಿಗೂ ಇಲ್ಲ, ನನಗೂ ಇಲ್ಲ. ಆದರೆ ಈ ಸಂಸ್ಥೆಯ ವಿದ್ಯಾರ್ಥಿವೇತನದಲ್ಲಿ ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನೀಷಿಯನ್ ಕೋರ್ಸು ಓದುತ್ತಿರುವ ಮಕ್ಕಳು ಈ ಸಭೆಯಲ್ಲಿ ಕುಳಿತಿದ್ದಾರೆ. ನಾಳೆ ಇವರು ದಡಾರದ ಮಗುವಿನ ಬಳಿಗೆ, ಹೆಸರೇ ಇಡದ ಹೊಸ ಜ್ವರದ ರೋಗಿಯ ಬಳಿಗೆ ಹೋಗುವವರು. ಹಲವರು ಕೊಲ್ಲಿ ರಾಷ್ಟ್ರಗಳಿಗೂ ಹೋಗುತ್ತಾರೆ. ನಾನೂ ಹಾಗೆ ಹೋದವನೇ. ಹದಿನಾಲ್ಕು ವರ್ಷ ಅಲ್ಲಿ ಗಂಡು ನರ್ಸಾಗಿ ದುಡಿದು ಬಂದವನು. ಆದ್ದರಿಂದ ಇಂದಿನ ಮಾತು ಮುಖ್ಯವಾಗಿ ಆ ಮಕ್ಕಳಿಗೆ. ಉಳಿದವರು ದಯವಿಟ್ಟು ತಾಳ್ಮೆಯಿಂದ ಕೇಳಬೇಕು.

2014ರ ವಸಂತಕಾಲ. ಸೌದಿ ಅರೇಬಿಯಾದಲ್ಲಿ, ವಿಶೇಷವಾಗಿ ಜಿದ್ದಾದಲ್ಲಿ, ಮರ್ಸ್ ಎಂಬ ರೋಗ ಇದ್ದಕ್ಕಿದ್ದಂತೆ ಹೆಚ್ಚಿತು. ಇದೂ ಒಂದು ಕೊರೊನಾ ವೈರಸ್ಸೇ. 2012ರಲ್ಲಿ ಮೊದಲು ಪತ್ತೆಯಾದದ್ದು. ವರದಿಯಾದ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನರನ್ನು ಬಲಿ ತೆಗೆದುಕೊಂಡ ರೋಗ. ಆ ವರ್ಷ ಸೋಂಕು ತಗಲಿದವರಲ್ಲಿ ಆಸ್ಪತ್ರೆಯ ಸಿಬ್ಬಂದಿ ಬಹಳ ಮಂದಿ ಇದ್ದರು. ನಾನಿದ್ದ ಆಸ್ಪತ್ರೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಎನ್-95 ಮುಖಗವಸು ಕೊಟ್ಟರು. ಕೊಟ್ಟು ಸುಮ್ಮನೆ ಬಿಡಲಿಲ್ಲ. ಒಬ್ಬೊಬ್ಬರನ್ನೇ ಕರೆದು ಫಿಟ್ ಟೆಸ್ಟ್ ಮಾಡಿದರು.

ಫಿಟ್ ಟೆಸ್ಟ್ ಎಂದರೆ ಹೀಗೆ. ಮುಖಗವಸು ಹಾಕಿಸಿ ತಲೆಯ ಮೇಲೆ ಪಾರದರ್ಶಕ ಚೀಲದಂತಹ ಒಂದು ಟೊಪ್ಪಿಗೆ ಇಳಿಸುತ್ತಾರೆ. ಅದರೊಳಗೆ ಅತ್ಯಂತ ಕಹಿಯಾದ ಒಂದು ದ್ರಾವಣವನ್ನು ಮಂಜಿನಂತೆ ಸಿಂಪಡಿಸುತ್ತಾರೆ. ಕೆಲವೆಡೆ ಕಹಿಯ ಬದಲು ಸಿಹಿಯಾದ ಸ್ಯಾಕರಿನ್ ಬಳಸುವುದುಂಟು. ನೀವು ಜೋರಾಗಿ ಉಸಿರಾಡಬೇಕು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು, ಬಗ್ಗಬೇಕು, ಗಟ್ಟಿಯಾಗಿ ಮಾತನಾಡಬೇಕು. ನಾಲಗೆಗೆ ಕಹಿ ಬಂದರೆ ಗಾಳಿ ಎಲ್ಲಿಂದಲೋ ನುಸುಳಿತು ಎಂದರ್ಥ, ಅಂದರೆ ನೀವು ಫೇಲ್.

ನನಗೆ ಎರಡನೇ ಉಸಿರಿಗೇ ಕಹಿ ಬಂತು. ಬೇರೆ ಕಂಪೆನಿಯದ್ದು ಕೊಟ್ಟರು, ಮತ್ತೆ ಕಹಿ. ಚಿಕ್ಕ ಅಳತೆಯದ್ದು ಕೊಟ್ಟರು, ಆಗಲೂ ಕಹಿ. ಪರೀಕ್ಷೆ ಮಾಡುತ್ತಿದ್ದಾಕೆ ಫಿಲಿಪ್ಪೀನ್ಸ್‌ನ ಹಿರಿಯ ನರ್ಸ್. ಮುಖಗವಸಿನಲ್ಲಿ ಏನೂ ದೋಷವಿಲ್ಲ ಎಂದು ಹೇಳಿ ನನ್ನ ಗಡ್ಡದ ಕಡೆಗೆ ಬೆರಳು ತೋರಿಸಿದರು.

ನನಗೆ ಅವಮಾನವೂ ಆಯಿತು, ಸಿಟ್ಟೂ ಬಂತು. ಆದರೆ ಲೆಕ್ಕ ಹಾಕಿ ನೋಡಿದರೆ ಅವರ ಮಾತು ಸರಿ. ನಮ್ಮ ಒಂದು ಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಕೊರೊನಾ ವೈರಸ್ಸಿನ ಗಾತ್ರ ಸುಮಾರು 0.1 ಮೈಕ್ರಾನ್. ಅಂದರೆ ಒಂದೇ ಒಂದು ಕೂದಲು ಮುಖಗವಸಿನ ಅಂಚನ್ನು ಚರ್ಮದಿಂದ ಎತ್ತಿ ಹಿಡಿದರೆ, ಆ ಸಂದಿನಲ್ಲಿ ನೂರಾರು ವೈರಸ್‌ಗಳು ಸಾಲಾಗಿ ನಿಂತು ಒಳಗೆ ಹೋಗಬಹುದು. ಗಡ್ಡದಲ್ಲಿ ಒಂದು ಕೂದಲಲ್ಲ, ಸಾವಿರಾರು ಕೂದಲುಗಳಿವೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹಿಂದಿನ ಸಾಲುಗಳಲ್ಲಿ ಕೆಲವರು ತಮ್ಮ ಗಡ್ಡ ಮುಟ್ಟಿಕೊಳ್ಳುವುದು ಕಾಣುತ್ತಿದೆ. ಗಡ್ಡದ ಬಗ್ಗೆ ಮಸ್‌ಅಲ ಹೇಳುವ ಯೋಗ್ಯತೆ ನನಗಿಲ್ಲ, ಅದನ್ನು ಉಲಮಾಗಳಲ್ಲಿ ಕೇಳಿ. ನಾನು ಹೇಳುವುದು ಗಾಳಿಯ ವಿಷಯ ಮಾತ್ರ. ಗಡ್ಡ ಇರುವವರಿಗೆ ದಾರಿಯೇ ಇಲ್ಲ ಎಂದೂ ಅಲ್ಲ. ಸೊಂಟಕ್ಕೆ ಕಟ್ಟಿದ ಫ್ಯಾನು ಶುದ್ಧ ಗಾಳಿಯನ್ನು ತಲೆಯ ಮೇಲಿನ ಸಡಿಲ ಟೊಪ್ಪಿಗೆಯೊಳಗೆ ಊದುವ ಯಂತ್ರಗಳಿವೆ. ಅವುಗಳಿಗೆ ಮುಖಕ್ಕೆ ಅಂಟಬೇಕೆಂಬ ನಿಯಮವಿಲ್ಲ. ಬ್ರಿಟನ್ನಿನ ಸಿಖ್ ವೈದ್ಯರು ಗಡ್ಡದ ಮೇಲೆ ಎಳೆದರೆ ಹಿಗ್ಗುವ ರಬ್ಬರಿನ ಪಟ್ಟಿಯೊಂದನ್ನು ಗಲ್ಲದಿಂದ ನೆತ್ತಿಯವರೆಗೆ ಬಿಗಿದು, ಅದರ ಮೇಲೆ ಮುಖಗವಸು ಧರಿಸಿ ಪರೀಕ್ಷಿಸಿಕೊಂಡರು. 2020ರಲ್ಲಿ ಅದರ ವರದಿ ಪ್ರಕಟವಾಯಿತು. ಬಹುತೇಕ ಮಂದಿ ಫಿಟ್ ಟೆಸ್ಟಿನಲ್ಲಿ ತೇರ್ಗಡೆಯಾದರು. ಅದಕ್ಕೆ 'ಸಿಂಗ್ ಠಾಠಾ' ವಿಧಾನ ಎಂದು ಹೆಸರು. ನಾನಿದ್ದಾಗ ಅದು ತಿಳಿದಿರಲಿಲ್ಲ. ನಮ್ಮ ವಾರ್ಡಿಗೆ ಗಾಳಿ ಊದುವ ಯಂತ್ರ ಎರಡೇ ಇದ್ದವು. ಮೂರು ರಾತ್ರಿ ಅದನ್ನು ಹಾಕಿ ಕೆಲಸ ಮಾಡಿದೆ. ನಾಲ್ಕನೇ ರಾತ್ರಿ ಅದರ ಬ್ಯಾಟರಿಯನ್ನು ಯಾರೂ ಚಾರ್ಜಿಗೆ ಇಟ್ಟಿರಲಿಲ್ಲ. ನನ್ನನ್ನು ರೋಗಿಯ ಕೋಣೆಯೊಳಗೆ ಬಿಡಲಿಲ್ಲ. ನನ್ನ ಪಾಲಿನ ಕೆಲಸವನ್ನೂ ಒಬ್ಬ ಸಣ್ಣ ಹುಡುಗಿ ಮಾಡಿದಳು. ಮರುದಿನ ನಾನು ಏನು ಮಾಡಿದೆ ಎಂಬುದು ನನಗೂ ಅಲ್ಲಾಹನಿಗೂ ತಿಳಿದಿರಲಿ. ಈಗ ನೀವು ನೋಡುತ್ತಿರುವ ಗಡ್ಡ ಊರಿಗೆ ಬಂದ ಮೇಲಿನದು.

ಈಗ ಬಟ್ಟೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹಳ ಜನರ ತಿಳುವಳಿಕೆ ಏನೆಂದರೆ, ಮುಖಗವಸು ಒಂದು ಜರಡಿ, ರಂಧ್ರ ಸಣ್ಣದಾದರೆ ವೈರಸ್ ನಿಲ್ಲುತ್ತದೆ. "ಸೊಳ್ಳೆಯನ್ನು ಬೇಲಿಯಿಂದ ತಡೆಯಲಾಗುತ್ತದೆಯೇ?" ಎಂದು ಕೋವಿಡ್ ಕಾಲದಲ್ಲಿ ಕುಚೋದ್ಯ ಮಾಡಿದವರೂ ಇದೇ ತಿಳುವಳಿಕೆಯವರು. ಆದರೆ ಎನ್-95 ಜರಡಿಯಂತೆ ಕೆಲಸ ಮಾಡುವುದಿಲ್ಲ. ಅದರ ಎಳೆಗಳ ನಡುವಿನ ಜಾಗ ವೈರಸ್ಸಿಗಿಂತ ಎಷ್ಟೋ ದೊಡ್ಡದು. ಅದು ದಟ್ಟ ಕಾಡಿನಂತೆ. ಮರಗಳ ನಡುವೆ ಬೇಕಾದಷ್ಟು ಜಾಗವಿದೆ, ಆದರೂ ಕಣ್ಣು ಕಟ್ಟಿಕೊಂಡು ಓಡಿದವನು ಯಾವುದಾದರೊಂದು ಮರಕ್ಕೆ ಡಿಕ್ಕಿ ಹೊಡೆಯದೆ ಹೊರಗೆ ಬರಲಾರ. ದೊಡ್ಡ ಕಣಗಳು ವೇಗದಲ್ಲಿ ತಿರುವು ತೆಗೆದುಕೊಳ್ಳಲಾರದೆ ಎಳೆಗೆ ಬಡಿಯುತ್ತವೆ. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ ಕುಡುಕನಂತೆ ಅತ್ತಿತ್ತ ತೂರಾಡಿ ಎಳೆಗೆ ತಾಗುತ್ತವೆ. ಎರಡಕ್ಕೂ ಸೇರದ ನಡುವಿನವು, ಅಂದರೆ ಸುಮಾರು 0.3 ಮೈಕ್ರಾನಿನವು, ತಪ್ಪಿಸಿಕೊಳ್ಳುವುದರಲ್ಲಿ ಜಾಣ. ಆದ್ದರಿಂದಲೇ ಆ ಗಾತ್ರದ ಉಪ್ಪಿನ ಕಣಗಳನ್ನು ನಿಮಿಷಕ್ಕೆ 85 ಲೀಟರ್ ಗಾಳಿಯಲ್ಲಿ ಹಾಯಿಸಿ ಪರೀಕ್ಷಿಸುತ್ತಾರೆ. ನೂರರಲ್ಲಿ 95ನ್ನಾದರೂ ಹಿಡಿದರೆ ಮಾತ್ರ ಎನ್-95 ಎಂಬ ಹೆಸರು. ಯುರೋಪಿನ ಎಫ್‌ಎಫ್‌ಪಿ-2ಕ್ಕೆ 94. ವೈರಸ್ಸು ಒಂಟಿಯಾಗಿ ಹಾರುವುದೂ ಇಲ್ಲ. ಕೆಮ್ಮಿದಾಗ, ಮಾತನಾಡಿದಾಗ, ಬರಿದೇ ಉಸಿರಾಡಿದಾಗಲೂ ಹೊರಬೀಳುವ ದ್ರವದ ಕಣಗಳಲ್ಲಿ ಕುಳಿತು ಬರುತ್ತದೆ.

ಇನ್ನೊಂದು ಗುಟ್ಟು ವಿದ್ಯುತ್ತು. ಬಾಚಣಿಗೆಯನ್ನು ಒಣ ಕೂದಲಿಗೆ ಉಜ್ಜಿ ಕಾಗದದ ಚೂರು ಎತ್ತಿದ ನೆನಪು ನಿಮಗಿರಬಹುದು. ಮುಖಗವಸಿನ ನಡುವಿನ ಪದರದ ಪಾಲಿಪ್ರೊಪಿಲೀನ್ ಎಳೆಗಳಿಗೂ ಅಂತಹುದೇ ವಿದ್ಯುತ್ ತುಂಬಿರುತ್ತಾರೆ. ಹೀಗೆ ವಿದ್ಯುತ್ ತುಂಬುವ ವಿಧಾನವೊಂದಕ್ಕೆ ತೈವಾನ್ ಮೂಲದ ಪೀಟರ್ ತ್ಸಾಯ್ ಅವರು ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿದ್ದಾಗ 1995ರಲ್ಲಿ ಪೇಟೆಂಟ್ ಪಡೆದರು. ಎಳೆಗಳು ಕಣಗಳನ್ನು ತಾವೇ ಸೆಳೆಯುವುದರಿಂದ ಬಟ್ಟೆಯನ್ನು ಉಸಿರುಕಟ್ಟುವಷ್ಟು ದಪ್ಪ ಮಾಡಬೇಕಿಲ್ಲ. ಆದ್ದರಿಂದ ತಾಯಂದಿರೇ, ಎನ್-95ನ್ನು ಸಾಬೂನು ಹಾಕಿ ಒಗೆಯಬೇಡಿ, ಸ್ಯಾನಿಟೈಸರ್ ಸುರಿಯಬೇಡಿ. ನೋಡಲು ಹೊಸದರಂತೆ ಬೆಳ್ಳಗಾಗುತ್ತದೆ, ಆದರೆ ಆ ವಿದ್ಯುತ್ ಅಷ್ಟಕ್ಕೇ ಹೋಯಿತು.

ಹಾಗಾದರೆ ಇಷ್ಟು ಒಳ್ಳೆಯ ಬಟ್ಟೆ ಇದ್ದೂ ಜನರು ಏಕೆ ಕಾಯಿಲೆ ಬಿದ್ದರು? ಇಲ್ಲಿಯೇ ಅಂಚಿನ ಪ್ರಶ್ನೆ ಬರುವುದು. ಗದ್ದೆಯ ಕಟ್ಟದಲ್ಲಿ ಏಡಿ ಕೊರೆದ ಒಂದು ತೂತಿದ್ದರೆ ನೀರು ಕಟ್ಟದ ಮಣ್ಣಿನಲ್ಲಿ ಇಂಗುತ್ತಾ ಕೂರುವುದಿಲ್ಲ, ತೂತಿನಲ್ಲೇ ಹರಿಯುತ್ತದೆ. ಗಾಳಿಯೂ ಅಷ್ಟೆ. ಬಟ್ಟೆಯೊಳಗೆ ತೂರುವ ಶ್ರಮವೇಕೆ ಎಂದು ಮೂಗಿನ ಬದಿಯ ಸಂದಿನಿಂದ ಬರುತ್ತದೆ. ವಿದ್ಯಾರ್ಥಿಗಳೇ, ಲೆಕ್ಕ ನೋಡಿ. ನಿಮ್ಮ ಉಸಿರಿನ ಐದನೇ ಒಂದು ಭಾಗ ಸಂದಿನಿಂದ ಬಂದರೆ, ಬಟ್ಟೆ ನೂರಕ್ಕೆ ನೂರು ಶೋಧಿಸಿದರೂ ನಿಮಗೆ ಸಿಕ್ಕುವ ರಕ್ಷಣೆ ಎಂಬತ್ತೇ. ತಮಾಷೆಯೆಂದರೆ, ಅಂಚು ಸಡಿಲವಿದ್ದಾಗ ಬಟ್ಟೆಯನ್ನು ದಪ್ಪ ಮಾಡಿದಷ್ಟೂ ಗಾಳಿ ಸಂದಿನ ಕಡೆಗೇ ಹೆಚ್ಚು ತಿರುಗುತ್ತದೆ. ಕರ್ಚೀಫನ್ನು ಎಂಟು ಮಡಿಕೆ ಮಾಡಿ ಕಟ್ಟಿಕೊಂಡು ಧೈರ್ಯವಾಗಿ ಸಂತೆಗೆ ಹೋದ ನಮ್ಮ ಹಿರಿಯರು ಇದನ್ನು ಗಮನಿಸಬೇಕು.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2020ರ ಕೊನೆಯಲ್ಲಿ ಪ್ರಕಟವಾಯಿತು. ಗಡ್ಡವಿಲ್ಲದ ಸ್ವಯಂಸೇವಕರೊಬ್ಬರನ್ನು ಸೂಕ್ಷ್ಮ ಉಪ್ಪಿನ ಕಣಗಳು ತುಂಬಿದ ಕೋಣೆಯಲ್ಲಿ ಕೂರಿಸಿ, ಮುಖಗವಸಿನ ಹೊರಗೆಷ್ಟು ಕಣ, ಒಳಗೆಷ್ಟು ಕಣ ಎಂದು ಎಣಿಸಿದರು. ನಾವೆಲ್ಲ ಬಳಸಿದ, ಕಿವಿಗೆ ಸಿಕ್ಕಿಸುವ ನೀಲಿ ಸರ್ಜಿಕಲ್ ಮಾಸ್ಕ್ ತಡೆದದ್ದು ಶೇಕಡಾ 38.5 ಮಾತ್ರ. ಅದೇ ಮಾಸ್ಕಿನ ಕಿವಿದಾರಕ್ಕೆ ಗಂಟು ಹಾಕಿ ಬದಿಯ ಮಡಿಕೆಯನ್ನು ಒಳಕ್ಕೆ ತುರುಕಿದಾಗ 60.3. ಅದರ ಮೇಲೆ ಹೆಂಗಸರ ನೈಲಾನ್ ಕಾಲುಚೀಲದ ಒಂದು ತುಂಡನ್ನು ಬಿಗಿಯಾಗಿ ಎಳೆದು ಹಾಕಿದಾಗ 80.2. ಗಮನಿಸಿ, ಮೂರು ಸಲವೂ ಶೋಧಿಸುವ ಬಟ್ಟೆ ಅದೇ. ಹೆಚ್ಚಿದ್ದು ಬಿಗಿತ ಮಾತ್ರ. ಒಬ್ಬರ ಮುಖದ ಮೇಲಿನ ಅಳತೆ ಇದು, ನಿಮ್ಮ ಮುಖಕ್ಕೆ ಅಂಕಿಗಳು ಬೇರೆಯಾಗಬಹುದು. 2021ರ ಫೆಬ್ರವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಎರಡು ಗೊಂಬೆ ತಲೆಗಳನ್ನು ಎದುರುಬದುರು ಇಟ್ಟು ನೋಡಿದರು. ಎರಡಕ್ಕೂ ಗಂಟು ಹಾಕಿ ಬಿಗಿಗೊಳಿಸಿದ ಸರ್ಜಿಕಲ್ ಮಾಸ್ಕ್ ಹಾಕಿದಾಗ ಎದುರಿನ ಗೊಂಬೆಗೆ ತಲುಪಿದ ಕಣಗಳು ಶೇಕಡಾ 95ಕ್ಕಿಂತಲೂ ಹೆಚ್ಚು ಕಡಿಮೆಯಾದವು. ಒಬ್ಬರೇ ಹಾಕಿದರೆ ಸಿಗುವ ಲಾಭ ಮೂರನೇ ಎರಡು ಭಾಗಕ್ಕೆ ಹತ್ತಿರ.

ಇನ್ನೊಂದು ಮಾತನ್ನು ವಿದ್ಯಾರ್ಥಿನಿಯರು ತಿಳಿದಿರಬೇಕು. ಮುಖಗವಸಿಗೂ ಒಂದು ಅಳತೆಯ ಮುಖ ಬೇಕಲ್ಲ, ಆ ಮುಖ ಯಾರದು? ಅಮೆರಿಕದಲ್ಲಿ ಹಲವು ದಶಕಗಳ ಕಾಲ ಬಳಸಿದ ಮಾದರಿ ಅಳತೆಗಳು 1967-68ರಲ್ಲಿ ಅಲ್ಲಿನ ವಾಯುಪಡೆಯ ಸಿಬ್ಬಂದಿಯಿಂದ ತೆಗೆದವು. ಅಂದರೆ ಗಟ್ಟಿಮುಟ್ಟಾದ ಯುವಜನರ ಮುಖಗಳು. ಗಂಡಸರು ಹೆಂಗಸರು ಇಬ್ಬರೂ ಸೇರಿ ಸುಮಾರು 4,000 ಕೆಲಸಗಾರರ ಮುಖವನ್ನು ಅಳೆದದ್ದು 2003ರಲ್ಲಿ. ಆಸ್ಪತ್ರೆಯಲ್ಲಿ ರೋಗಿಯ ಹತ್ತಿರ ಅತಿ ಹೆಚ್ಚು ಹೊತ್ತು ನಿಲ್ಲುವವರು ನರ್ಸುಗಳು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಚಿಕ್ಕ ಗಲ್ಲದ, ಚಪ್ಪಟೆ ಮೂಗಿನ ಹುಡುಗಿಗೆ ದೊಡ್ಡ ಅಳತೆಯ ಮುಖಗವಸು ಕೊಟ್ಟರೆ ಅದು ಅವಳ ಮುಖದ ಮೇಲೆ ಕೂರುವುದಿಲ್ಲ, ತೂಗುತ್ತದೆ. ಸ್ಟೋರಿನವರು ಒಂದೇ ಅಳತೆಯ ಪೆಟ್ಟಿಗೆ ತೆರೆದಿಟ್ಟರೆ ಬೇರೆ ಅಳತೆ ಇದೆಯೇ ಎಂದು ಕೇಳಿ. ಕೇಳಲು ಸಂಕೋಚ ಬೇಡ.

ನಕಾಬಿನ ಬಗ್ಗೆ ಕೆಲವು ಸಹೋದರಿಯರು ಚೀಟಿ ಕಳುಹಿಸಿದ್ದಾರೆ. ನಕಾಬು ಮುಖದಿಂದ ದೂರವಾಗಿ ಇಳಿಬಿಟ್ಟ ತೆಳುಬಟ್ಟೆ, ಕೆಳಗೆ ಪೂರ್ತಿ ತೆರೆದಿರುತ್ತದೆ. ಪರ್ದಾಕ್ಕೆ ಅದು ಸಾಕು, ವೈರಸ್ಸಿಗೆ ಸಾಲದು. ಒಳಗೆ ಮುಖಗವಸು ಹಾಕಿ, ಮೇಲೆ ನಕಾಬು ಇರಲಿ. ಆದರೆ ಶಿರವಸ್ತ್ರದ ಮೇಲೆ ಮುಖಗವಸಿನ ಪಟ್ಟಿ ಹಾಕಬಹುದು, ಅಂಚಿನ ಕೆಳಗೆ ಮಾತ್ರ ಬಟ್ಟೆ ಸಿಕ್ಕಿಕೊಳ್ಳಬಾರದು. ಅಂಚಿಗೂ ಚರ್ಮಕ್ಕೂ ನಡುವೆ ಏನೂ ಇರಕೂಡದು. ಇನ್ನು ಮುಂಭಾಗದಲ್ಲಿ ಗುಂಡಿಯಂತಹ ಕವಾಟ ಇರುವ ಮುಖಗವಸು ಹಾಕಿದವನನ್ನು ಕಾಪಾಡುತ್ತದೆ, ಅವನ ಉಸಿರನ್ನು ಮಾತ್ರ ಹೆಚ್ಚು ಸೋಸದೆ ಹೊರಗೆ ಬಿಡುತ್ತದೆ. ಸಾರ್ವಜನಿಕರು ಅದನ್ನು ಬಳಸಬಾರದೆಂದು ಭಾರತ ಸರಕಾರ 2020ರ ಜುಲೈಯಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು.

"ಇಷ್ಟೆಲ್ಲ ಹೇಳುತ್ತೀರಿ, ಮುಖಗವಸಿನಿಂದ ನಿಜವಾಗಿ ರೋಗ ಕಡಿಮೆಯಾಗಿದೆಯೇ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ನಮಗೆ ಹತ್ತಿರದ ಎರಡು ಅಧ್ಯಯನಗಳನ್ನು ಹೇಳುತ್ತೇನೆ. ಮೊದಲನೆಯದು ಹಜ್ಜಿನದು. 2013ರಿಂದ 2015ರವರೆಗಿನ ಮೂರು ಹಜ್ಜುಗಳಲ್ಲಿ 318 ಡೇರೆಗಳ 7,687 ಯಾತ್ರಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮುಖಗವಸು ಕೊಟ್ಟು ನೋಡಿದರು. ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ ಕೊಟ್ಟವರಲ್ಲಿ ದಿನವೂ ಹಾಕಿದವರು ಕಾಲು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು! ಚೀಲದಲ್ಲಿರುವ ಮುಖಗವಸು ಯಾರನ್ನೂ ಕಾಯುವುದಿಲ್ಲ. ಹಾಗೆಯೇ, ಬಿಸಿಲಿನಲ್ಲಿ, ಜನಸಂದಣಿಯಲ್ಲಿ ಜನರು ಹಾಕಿಕೊಳ್ಳಲಾರದ ವಸ್ತುವನ್ನು ಹಂಚುವುದರಿಂದ ಏನು ಪ್ರಯೋಜನ ಎಂದೂ ಯೋಚಿಸಬೇಕು.

ಎರಡನೆಯದು ಬಾಂಗ್ಲಾದೇಶದ್ದು. 2020ರ ಕೊನೆಯಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ, ಸುಮಾರು ಮೂರೂವರೆ ಲಕ್ಷ ವಯಸ್ಕರ ನಡುವೆ ನಡೆದದ್ದು. ಅರ್ಧದಷ್ಟು ಹಳ್ಳಿಗಳಲ್ಲಿ ಮುಖಗವಸು ಉಚಿತವಾಗಿ ಹಂಚಿ, ಮಸೀದಿಗಳಲ್ಲೂ ಪೇಟೆಗಳಲ್ಲೂ ನಿಂತು ನೆನಪಿಸಿದರು. ಧರಿಸುವವರು ಶೇಕಡಾ 13ರಿಂದ 42ಕ್ಕೆ ಏರಿದರು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ, ಲಕ್ಷಣಗಳಿದ್ದು ರಕ್ತಪರೀಕ್ಷೆಯಲ್ಲಿ ದೃಢಪಟ್ಟ ಕೋವಿಡ್ ಸುಮಾರು ಶೇಕಡಾ 11ರಷ್ಟು ಕಡಿಮೆಯಾಯಿತು. ಅರುವತ್ತು ದಾಟಿದವರಲ್ಲಿ ಇನ್ನೂ ಹೆಚ್ಚು, ಸುಮಾರು 35. ಬಟ್ಟೆಯ ಮುಖಗವಸಿನ ಫಲಿತಾಂಶ ಅಷ್ಟು ಸ್ಪಷ್ಟವಾಗಿರಲಿಲ್ಲ. ಈ ಲೆಕ್ಕಕ್ಕೂ ತಜ್ಞರ ಆಕ್ಷೇಪಗಳಿವೆ. ಆದರೂ ನೆನಪಿಡಿ, ಇದು ಅರ್ಧದಷ್ಟು ಜನರೂ ಹಾಕದ, ಅಂಚು ಸಡಿಲವಾದ ಮುಖಗವಸಿನಿಂದ ಸಿಕ್ಕಿದ ಫಲ.

ಬಾಂಗ್ಲಾದೇಶ ಎಂದಾಗ ನನಗೆ ಒಬ್ಬ ಮನುಷ್ಯ ನೆನಪಾಗುತ್ತಾನೆ. ನಮ್ಮ ವಾರ್ಡಿನ ನೆಲ ಒರೆಸುತ್ತಿದ್ದವನು, ಚಟ್ಟಗ್ರಾಮದ ಕಡೆಯವನು. ಹೆಸರು ಹೇಳುವುದಿಲ್ಲ. 2014ರಲ್ಲಿ ಅವನಿಗೂ ನಮ್ಮದೇ ಪೆಟ್ಟಿಗೆಯಿಂದ ಮುಖಗವಸು ಕೊಟ್ಟರು, ಆದರೆ ಕಹಿ ಪರೀಕ್ಷೆಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಪಟ್ಟಿಯಲ್ಲಿದ್ದದ್ದು ಡಾಕ್ಟರುಗಳು ಮತ್ತು ನರ್ಸುಗಳು. ಶುಚಿ ಮಾಡುವವರು ಗುತ್ತಿಗೆ ಕಂಪೆನಿಯವರಂತೆ. ಅವನು ಎರಡು ಪಟ್ಟಿಗಳಲ್ಲಿ ಕೆಳಗಿನದನ್ನು ಹಾಕುತ್ತಿರಲಿಲ್ಲ, ಕುತ್ತಿಗೆ ಬೆವರುತ್ತದೆ ಎಂದು. ಅದು ಗಲ್ಲದ ಕೆಳಗೆ ಸುಮ್ಮನೆ ನೇತಾಡುತ್ತಿತ್ತು. ಅವನು ಬಗ್ಗಿ ಒರೆಸುವಾಗ ಗಲ್ಲದ ಬಳಿ ಎರಡು ಬೆರಳು ಹೋಗುವಷ್ಟು ಸಂದು ತೆರೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಒಂದಲ್ಲ, ಹತ್ತು ಸಲ ನೋಡಿದ್ದೇನೆ. ನನ್ನ ಗಡ್ಡದ ಚಿಂತೆಯಲ್ಲಿ ನಾನಿದ್ದೆ. ಅವನಿಗೆ ಏನೂ ಹೇಳಲಿಲ್ಲ.

ಅವನಿಗೆ ಮರ್ಸ್ ಬಂತು. ಹನ್ನೊಂದು ದಿನ ವೆಂಟಿಲೇಟರಿನಲ್ಲಿದ್ದ. ಮುಖಗವಸಿನಿಂದಲೇ ಬಂತೆಂದು ನಾನು ಹೇಳಲಾರೆ. ಕೈಯಿಂದ ಬಂದಿರಬಹುದು, ಅವನಿದ್ದ ಕ್ಯಾಂಪಿನಿಂದ ಬಂದಿರಬಹುದು. ಬದುಕಿ ಊರಿಗೆ ಹೋದ, ಆದರೆ ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ ಎಂದು ಅಲ್ಲಿಂದ ಯಾರೋ ಹೇಳಿ ಕಳುಹಿಸಿದ್ದರು. ಅವನ ಕೆಳಗಿನ ಪಟ್ಟಿಯನ್ನು ಎಳೆದು ಕುತ್ತಿಗೆಯ ಹಿಂದೆ ಹಾಕಲು ನನಗೆ ಐದು ಸೆಕೆಂಡ್ ಸಾಕಾಗಿತ್ತು.

ಅಧ್ಯಕ್ಷರಲ್ಲಿ ನನ್ನದೊಂದು ವಿನಂತಿ ಇದೆ. ಪ್ರತಿ ವರ್ಷ ನರ್ಸಿಂಗ್ ಮಕ್ಕಳಿಗೆ ನಾವು ಸಮವಸ್ತ್ರ, ಸ್ಟೆತೊಸ್ಕೋಪ್ ಕೊಡುತ್ತೇವೆ. ಮುಂದಿನ ವರ್ಷದಿಂದ ಫಿಟ್ ಟೆಸ್ಟಿನ ಒಂದು ಕಿಟ್ಟನ್ನು ಸಂಸ್ಥೆ ಇಟ್ಟುಕೊಳ್ಳಲಿ. ಮಕ್ಕಳು ವಾರ್ಡಿಗೆ ಹೋಗುವ ಮೊದಲು ತಮ್ಮ ಮುಖಕ್ಕೆ ಯಾವ ಅಳತೆ, ಯಾವ ಆಕಾರ ಸರಿಹೊಂದುತ್ತದೆ ಎಂದು ಬರೆದುಕೊಂಡು ಹೋಗಲಿ. ಆಸ್ಪತ್ರೆಯ ಕಸ ಗುಡಿಸುವ, ಆಂಬ್ಯುಲೆನ್ಸ್ ಓಡಿಸುವ ನಮ್ಮ ಊರಿನವರಿಗೂ ಅದನ್ನು ಮಾಡೋಣ. ತೆಗೆದಿಡಬೇಕಾದ ಹಣ ದೊಡ್ಡದಲ್ಲ.

ಕಿಟ್ ಇಲ್ಲದಿದ್ದರೂ ಇಂದೇ ಮಾಡಬಹುದಾದದ್ದು ಒಂದಿದೆ. ಈ ಮೇಜಿನ ಮೇಲೆ ಮೂರು ಅಳತೆಯ ಎನ್-95, ಒಂದು ಪೆಟ್ಟಿಗೆ ಸರ್ಜಿಕಲ್ ಮಾಸ್ಕ್ ಮತ್ತು ಒಂದು ಕನ್ನಡಿ ಇದೆ. ಮೇಲಿನ ಪಟ್ಟಿ ನೆತ್ತಿಯ ಮೇಲೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಯ ಹಿಂದೆ. ಮೂಗಿನ ತಂತಿಯನ್ನು ಒಂದೇ ಕೈಯಿಂದ ಚಿವುಟಬೇಡಿ, ಚೂಪಾಗಿ ಸಂದಾಗುತ್ತದೆ. ಎರಡೂ ಕೈಯ ಬೆರಳುಗಳಿಂದ ನಡುವಿನಿಂದ ಬದಿಗೆ ಒತ್ತುತ್ತಾ ಹೋಗಿ. ಎರಡೂ ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಗಲಿದರೆ, ಕನ್ನಡಕ ಮಂಜಾದರೆ ಮೂಗಿನ ಬಳಿ ಸೋರುತ್ತಿದೆ. ಜೋರಾಗಿ ಎಳೆದುಕೊಂಡಾಗ ಮುಖಗವಸು ಸ್ವಲ್ಪ ಒಳಕ್ಕೆ ಕುಗ್ಗಬೇಕು. ಸರ್ಜಿಕಲ್ ಮಾಸ್ಕಿಗೆ ಗಂಟು ಹಾಕುವುದನ್ನೂ ತೋರಿಸುತ್ತೇನೆ. ಕಿವಿದಾರಕ್ಕೆ ಅದರ ಬುಡದಲ್ಲೇ, ಬಟ್ಟೆಗೆ ತಾಗುವಂತೆ ಗಂಟು ಬರಬೇಕು.

ಸಾಲಾಗಿ ಬನ್ನಿ. ಮೊದಲು ನರ್ಸಿಂಗ್ ವಿದ್ಯಾರ್ಥಿನಿಯರು, ಆಮೇಲೆ ಹುಡುಗರು. ಹಿಂದೆ ಕುಳಿತಿರುವ ಆಂಬ್ಯುಲೆನ್ಸ್ ಡ್ರೈವರ್ ಸಹೋದರರೂ ಬರಬೇಕು. ಗಡ್ಡ ಇರುವವರೂ ಬನ್ನಿ, ಎಲ್ಲಿ ಸೋರುತ್ತದೆಂದು ನಿಮಗೇ ತಿಳಿಯಲಿ.